ಪಾಲಾಗದ ಹುಂಜ

ಏಳನೆಯ ತರಗತಿಯ ನಲವತ್ತೆಂಟು ಮಕ್ಕಳನ್ನು ನಾನು ಒಂದೇ ನೋಟದಲ್ಲಿ ಸುಮ್ಮನಾಗಿಸಬಲ್ಲೆ. ಇದು ಜಂಬವಲ್ಲ, ಇಪ್ಪತ್ತು ವರ್ಷದ ರೂಢಿ. ಅಂಥವಳು ಕಳೆದ ಮಳೆಗಾಲದಲ್ಲಿ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗಬೇಕಾದರೆ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಕಸಬರಿಗೆ ಹಿಡಿದು, ಬಾಗಿಲ ಸಂದಿಯಿಂದ ಇಣುಕಿ, ಆಮೇಲೆ ಹೆಜ್ಜೆ ಇಡುತ್ತಿದ್ದೆ. ಕಾರಣ, ಮೂರು ಕಿಲೋ ತೂಗುವ ಒಂದು ಹುಂಜ.

ಹುಂಜ ನಮ್ಮದೇ, ಆದರೆ ಪೂರ್ತಿ ನಮ್ಮದಲ್ಲ. ಕೊರ್ಲಹಳ್ಳಿಯಲ್ಲಿರುವ ನಮ್ಮ ಅತ್ತೆಯ ತಂಗಿ, ಅಂದರೆ ನಮ್ಮ ಸಣ್ಣತ್ತೆ, ಮುಂಡರಗಿಯ ನಮ್ಮ ಮನೆಗೆ ಒಂದು ಹೇಂಟೆಯನ್ನು ಪಾಲಿಗೆ ಕೊಟ್ಟಿದ್ದರು. ಪಾಲು ಎಂದರೆ ಹೀಗೆ: ಕೋಳಿ ಅವರದು, ಸಾಕುವುದು ನಮ್ಮದು. ಮರಿಗಳು ಬಲಿತ ಮೇಲೆ ತಾಯಿಕೋಳಿ ವಾಪಸು ಅವರಿಗೆ, ಮರಿಗಳು ಇಬ್ಬರಿಗೂ ಅರ್ಧರ್ಧ. ಆರಿಸುವಾಗ ಮೊದಲ ಕೈ ಕೋಳಿ ಕೊಟ್ಟವರದು. ಪಾಲಾಗುವ ತನಕ ಒಂದನ್ನೂ ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಇದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಆದರೆ ಹೊಲ ಹಂಚಿಕೊಳ್ಳುವ ವಾಟ್ನಿಯಲ್ಲಿ ಮಾತು ಮುರಿದವರು ನನಗೆ ಗೊತ್ತು, ಕೋಳಿಯ ಪಾಲಿನಲ್ಲಿ ಮುರಿದವರನ್ನು ಕಂಡಿಲ್ಲ. ಹದ್ದು, ಬೆಕ್ಕುಗಳ ಪಾಲು ಕಳೆದು ಆರು ಮರಿ ಉಳಿದವು. ಐದು ಹೇಂಟೆ, ಒಂದು ಇವನು. ಅತ್ತೆ ಅವನಿಗೆ ಸಾವ್ಕಾರ ಎಂದು ಹೆಸರಿಟ್ಟರು. ನಡಿಗೆ ಹಾಗೆಯೇ ಇತ್ತು.

ಸಾವ್ಕಾರನ ಕಾಳಗಕ್ಕೆ ಒಂದು ಶಿಸ್ತಿತ್ತು. ನೇರ ಬರುವುದಿಲ್ಲ. ಮೊದಲು ನಮ್ಮನ್ನು ಕಾಣದವನಂತೆ ನೆಲದಲ್ಲಿ ಏನೋ ಕುಕ್ಕುತ್ತಾನೆ. ಆಮೇಲೆ ಒಂದು ರೆಕ್ಕೆ ಇಳಿಬಿಟ್ಟು ಅಡ್ಡಡ್ಡ ಸರಿಯುತ್ತಾನೆ. ನಾವು ಬೆನ್ನು ತಿರುಗಿಸಿದ ಗಳಿಗೆಗೆ ಎರಡೂ ಕಾಲು ಮುಂದೆ ಮಾಡಿ ಹಾರುತ್ತಾನೆ. ನಮ್ಮ ಭಾಗದಲ್ಲಿ ವೀರಗಲ್ಲುಗಳಿಗೆ ಬರವಿಲ್ಲ; ಹಿಂಡು ಕಾಯಲು ಹೋಗಿ ಸತ್ತವರನ್ನು ಕಲ್ಲಿನಲ್ಲಿ ಕೆತ್ತಿ, ಊರ ಬಾಗಿಲಲ್ಲಿ ನಿಲ್ಲಿಸಿದ್ದೇವೆ. ಆ ಕಲ್ಲುಗಳ ಮುಂದೆ ಮಕ್ಕಳನ್ನು ನಿಲ್ಲಿಸಿ ನಾನೇ ಪಾಠ ಮಾಡಿದ್ದೇನೆ. ಸಾವ್ಕಾರ ಮಾಡುತ್ತಿದ್ದದ್ದೂ ಅದನ್ನೇ. ಕಾಳು ಸಿಕ್ಕರೆ ಮೊದಲು ಹೇಂಟೆಗಳನ್ನು ಕರೆದು, ಅವು ತಿಂದ ಮೇಲೆ ತಾನು ತಿನ್ನುತ್ತಿದ್ದ. ಅವನ ಕಣ್ಣಿಗೆ ದನ ಹೊಡೆದುಕೊಂಡು ಹೋಗಲು ಬಂದ ಕಳ್ಳಿ ನಾನು. ಅರ್ಥವಾಗುತ್ತಿತ್ತು, ಆದರೆ ಅರ್ಥವಾದದ್ದರಿಂದ ಮೊಣಕಾಲಿನ ಗೀರು ಕಡಿಮೆಯಾಗಲಿಲ್ಲ.

ನಾವು ಮಾಡಬಾರದ್ದನ್ನೆಲ್ಲ ಮಾಡಿದೆವು. ನಾನು ಓಡಿದೆ. ನನ್ನ ಗಂಡ ಚಪ್ಪಲಿ ಎಸೆದರು, ತಪ್ಪಿತು. ಕೊನೆಗೆ ನಾನು ಒಂದು ಹಿಡಿ ಜೋಳ ದೂರ ಚೆಲ್ಲಿ, ಅವನು ಅತ್ತ ಹೋದಾಗ ಬಟ್ಟೆ ಹಾಕಿ ಬರುವ ಉಪಾಯ ಕಂಡುಕೊಂಡೆ. ಹದಿನೈದು ದಿನದಲ್ಲಿ ಅವನು ಬಾಗಿಲಿಗೇ ಬಂದು ಕಪ್ಪಕಾಣಿಕೆ ಕೇಳತೊಡಗಿದ. ಗಂಡ ತೀರ್ಪು ಕೊಟ್ಟರು: “ಈ ಐತವಾರ ಕೊಯ್ದ ಬಿಡೋಣು.”

“ಪಾಲಾಗದ ಕೋಳಿ ಕೊಯ್ದರ ನನ್ನ ತಂಗಿಗಿ ಯಾವ ಮಾರಿ ತೋರಿಸ್ಲಿ?” ಎಂದರು ಅತ್ತೆ. ಮಾತು ಅಲ್ಲಿಗೆ ಮುಗಿಯಿತು.

ನನ್ನ ಕಣ್ಣಿಗೆ ಬೇರೆಯದೇ ಒಂದು ಬಿದ್ದದ್ದು ಆ ವಾರ. ಅತ್ತೆ ಎಡಗಾಲನ್ನು ಎಳೆದು ನಡೆಯುತ್ತಿದ್ದರು. ಸೀರೆ ಎಂದಿಗಿಂತ ಎರಡು ಬೆರಳು ಕೆಳಗೆ ಉಟ್ಟಿದ್ದರು. ಹಟ ಮಾಡಿ ಸರಿಸಿ ನೋಡಿದರೆ ಪಾದದ ಮೇಲ್ಗಡೆ ಅರಿಶಿನ ಮೆತ್ತಿದ ಗಾಯ, ಸುತ್ತ ಬಾವು. “ಏನಿಲ್ಲವಾ, ಒಂದೀಟ ತರಚೇತಿ. ಮಾಯತೈತಿ,” ಎಂದರು. ಎಷ್ಟು ದಿನವಾಯಿತು ಎಂದರೆ ಮೂರು ವಾರ. ಅತ್ತೆಗೆ ಶುಗರ್ ಇದೆ. ಶುಗರ್ ಇದ್ದವರ ಕಾಲಿನ ಗಾಯ ಎಲ್ಲಿಗೆ ಮುಟ್ಟುತ್ತದೆಂದು ನಮ್ಮ ಓಣಿಗೆ ಗೊತ್ತು. ಮೂರನೆಯ ಮನೆಯವರು ಎರಡು ಬೆರಳು ಕಳೆದುಕೊಂಡಿದ್ದಾರೆ. ನನಗೆ ಖಂಡಿತ ಹೆದರಿಕೆಯಾಯಿತು, ಅದಕ್ಕಿಂತ ನಾಚಿಕೆಯಾಯಿತು. ಒಂದೇ ಮನೆಯಲ್ಲಿದ್ದೂ ನಾನು ನನ್ನ ಮೊಣಕಾಲನ್ನಷ್ಟೇ ನೋಡಿಕೊಂಡಿದ್ದೆ.

ದವಾಖಾನೆಗೆ ಎಂದರೆ ಒಲ್ಲೆ ಎಂದರು. “ಅಲ್ಲಿ ಏನಾತಂತ ಕೇಳತಾರ, ಹೇಳಬೇಕಾಗತೈತಿ. ನನ್ನ ಮಗನಿಗಿ ಗೊತ್ತಾದ್ರ ಪಾಲೂ ಕೇಳೂದಿಲ್ಲ, ಗೀಲೂ ಕೇಳೂದಿಲ್ಲ, ಅವತ್ತ ಕೊಯ್ತಾನ.” ಹುಂಜ ಇರುವತನಕ ಈ ಕಾಲು ಡಾಕ್ಟರ ಮುಂದೆ ಹೋಗುವುದಿಲ್ಲ, ಪಾಲಾಗುವತನಕ ಹುಂಜ ಹೋಗುವುದಿಲ್ಲ. ನಾನು ಅಂದೇ ಸಣ್ಣತ್ತೆಗೆ ಫೋನು ಮಾಡಿ, ಮರಿ ಬಲಿತಿವೆ, ಪಾಲು ಮಾಡಿಕೊಂಡು ಹೋಗಿ ಎಂದೆ. ಕಾಲಿನ ಸುದ್ದಿ ಎತ್ತಬಾರದೆಂದು ಅತ್ತೆ ಪಕ್ಕದಲ್ಲೇ ಕೂತಿದ್ದರು.

ಸಣ್ಣತ್ತೆ ಮರುದಿನ ಮೊದಲ ಬಸ್ಸಿಗೇ ಬುಟ್ಟಿ ಹಿಡಿದು ಬಂದರು. ಪಾಲಿನ ವಿಷಯದಲ್ಲಿ ಬಲು ಬಿಗಿ ಹೆಂಗಸು, ಮೊದಲ ಕೈಯನ್ನು ವ್ಯರ್ಥ ಮಾಡಿದವರಲ್ಲ. ಹಿತ್ತಲಿಗೆ ಕಾಲಿಟ್ಟೊಡನೆ ಸಾವ್ಕಾರ ಅಡ್ಡಡ್ಡ ಬಂದ. ಅವರು ಹಿಂದೆ ಸರಿಯಲೂ ಇಲ್ಲ, ಕೈಯೆತ್ತಲೂ ಇಲ್ಲ. ಅವನು ಹಾರಿದಾಗ ಸೆರಗಿನಿಂದ ತಡೆದು, ರೆಕ್ಕೆ ಒತ್ತಿ ಹಿಡಿದು, ಬಗಲಲ್ಲಿ ಇಟ್ಟುಕೊಂಡರು. ಅವನ ತಲೆಯನ್ನು ಅಂಗೈಯಿಂದ ಮೆಲ್ಲಗೆ ಕೆಳಗೆ ಒತ್ತಿ ಹಿತ್ತಲು ಸುತ್ತತೊಡಗಿದರು.

“ಅವಂದೇನ ತಪ್ಪ ಐತಿ? ನೀವು ಓಡತೀರಿ, ಅಂವ ಬೆನ್ನ ಹತ್ತತಾನ. ಹೊಡದ್ರ ಜಗಳಕ್ಕ ಬಂದಾರ ಅಂತಾನ. ಜ್ವಾಳ ಒಗದ್ರ ಗೆದ್ದೆ ಅಂತಾನ. ಹಿಂಗ ಹಿಡ್ಕೊಂಡ ದಿನಾ ನಾಕ ಸುತ್ತ ತಿರಗಬೇಕು. ಹ್ಯಾಟಿಗೋಳ ಮುಂದ ಮರ್ಯಾದಿ ಹೋತಂದ್ರ ತಾನ ಸುಮ್ಮನಾಗತಾನ.” ಇಪ್ಪತ್ತು ವರ್ಷ ಪಾಠ ಮಾಡಿದ ನಾನು ಬಾಗಿಲಲ್ಲಿ ನಿಂತು ಪಾಠ ಕೇಳಿದೆ.

ಪಾಲು ಶುರುವಾಯಿತು. ಕೋಳಿ ಹಿಡಿದುಕೊಡಲು ಅತ್ತೆ ಕುಕ್ಕರಗಾಲಲ್ಲಿ ಕೂಡಲು ಹೋದರು, ಆಗಲಿಲ್ಲ. ಗೋಡೆ ಹಿಡಿದು ನಿಂತುಬಿಟ್ಟರು. ಸೀರೆ ಸರಿದದ್ದು ಒಂದೇ ಗಳಿಗೆ. ಸಣ್ಣತ್ತೆ ಆ ಕಾಲನ್ನು ನೋಡಿದರು, ಬಗಲಲ್ಲಿದ್ದವನ ಕಾಲನ್ನು ನೋಡಿದರು.

“ನನ್ನ ಮೊದಲನೇದು ಈ ಹುಂಜ,” ಎಂದರು ಸಣ್ಣತ್ತೆ.

ಅತ್ತೆಗೆ ತಡೆಯಲಾಗಲಿಲ್ಲ. “ಹುಚ್ಚಿ, ಆ ಕರೀ ಹ್ಯಾಟಿ ತಗೋ. ಚಲೋ ತತ್ತಿ ಇಡತೈತಿ.”

“ನಮ್ಮನ್ಯಾಗ ಹುಂಜ ಇಲ್ಲ ಅಕ್ಕಾ.”

ತಿಂಗಳ ಹಿಂದಷ್ಟೇ ಕೊರ್ಲಹಳ್ಳಿಗೆ ಹೋದಾಗ ಅವರ ಅಂಗಳದಲ್ಲಿ ಎರಡು ಹುಂಜಗಳನ್ನು ನಾನೇ ಕಂಡಿದ್ದೆ. ಅತ್ತೆಯೂ ಕಂಡಿದ್ದರು. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡದೆ ಉಳಿದ ಐದನ್ನು ಹಂಚಿಕೊಂಡರು. ಮೊದಲ ಕೈ ಹುಂಜಕ್ಕೆ ಹೋದದ್ದರಿಂದ ಕರಿಯ ಹೇಂಟೆ ನಮ್ಮದಾಯಿತು.

ಮಧ್ಯಾಹ್ನದ ಬಸ್ಸಿಗೆ ಸಾವ್ಕಾರ ತಾಯಿಕೋಳಿ, ಎರಡು ಹೇಂಟೆಗಳೊಡನೆ ಬುಟ್ಟಿಯಲ್ಲಿ ಕೂತು ಹೋದ. ಬಸ್ಸು ಬಿಟ್ಟ ಮೇಲೆ ಅತ್ತೆಯನ್ನು ನಿಲ್ದಾಣದಿಂದ ನೇರ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಗಾಯ ತೊಳೆದು, ಇನ್ನೊಂದು ವಾರ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಗದರಿದರು. ಇದು ಹೇಗಾಯಿತು ಎಂದು ಕೇಳಿದರು.

ಅಷ್ಟು ಹೊತ್ತಿಗೆ ಹುಂಜ ಕೊರ್ಲಹಳ್ಳಿಯ ಹೊಳೆದಂಡೆ ಮುಟ್ಟಿರಬೇಕು. ಅವನ ಮೈಮೇಲೆ ನಮಗೆ ಯಾರಿಗೂ ಹಕ್ಕಿರಲಿಲ್ಲ, ಕೋಪವೂ ಉಳಿದಿರಲಿಲ್ಲ. ಅತ್ತೆ ಗೋಡೆ ನೋಡುತ್ತ ಹೇಳಿದರು: “ಕಟ್ಟಿಗಿ ಒಡಿಯಾಗ ಸಿಬರ ಬಡೀತ್ರಿ.”

ನಮ್ಮ ಮನೆಯಲ್ಲಿ ಗ್ಯಾಸು ಬಂದು ಎಷ್ಟೋ ವರ್ಷವಾಯಿತು. ಡಾಕ್ಟರು ನನ್ನತ್ತ ತಿರುಗಿದರು.

“ಹೌದ್ರಿ,” ಎಂದೆ. “ಆದ್ರೂ ಒಂದ ಟಿಟಿ ಸೂಜಿ ಮಾಡಿಬಿಡ್ರಿ. ಆ ಕಟ್ಟಿಗಿ ಭಾಳ ಸಿಟ್ಟಿಂದಿತ್ತು.”