ಬಾಗಿಲ ಹಿಂದಿನ ಸಲಿಕೆಗಳು

ಮಾರ್ಥಾ ಅಕ್ಕಾರ ಕುರ್ಚಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಹರಿದಿರಲಿಲ್ಲ. ಬೆಳಗಾವಿಯ ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗೆಯೇ ಅದು ಪ್ರಿನ್ಸಿಪಾಲರ ಕೋಣೆಯಲ್ಲಿ ಮಿರಮಿರ ಮಿಂಚುತ್ತಿತ್ತು. ಅದರ ಮೇಲೆ ಕಾಲೇಜಿನ ಬೆಕ್ಕು ಮಲಗುತ್ತಿತ್ತು, ಬೆಕ್ಕು ಇಲ್ಲದಾಗ ನಾನು ಕೂರುತ್ತಿದ್ದೆ. ಅಕ್ಕಾರು ಮಾತ್ರ ಕೂತವರಲ್ಲ. ಪಾಠ ಹೇಳುವಾಗ ನಡೆಯುತ್ತಿದ್ದರು, ಫೋನಿನಲ್ಲಿ ಮಾತಾಡುವಾಗ ನಡೆಯುತ್ತಿದ್ದರು, ಊಟವನ್ನೂ ತಾಟು ಕೈಯಲ್ಲಿ ಹಿಡಿದು ಕಟ್ಟೆಯ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತ ಮುಗಿಸುತ್ತಿದ್ದರು. ಎಲ್ಲರೂ ಮೊಣಕಾಲೂರುವ ಪ್ರಾರ್ಥನೆಯ ಹೊತ್ತಿಗಾದರೂ ತಣ್ಣಗಿರುತ್ತಾರೆಂದರೆ, ಕಣ್ಣು ಮುಚ್ಚಿಕೊಂಡೇ ಬೆರಳಿನಿಂದ ನೆಲ ತಟ್ಟುತ್ತಿದ್ದರು. “ಕುಂದರ್ರಿ ಅಕ್ಕಾರ” ಎಂದರೆ ಒಂದೇ ಉತ್ತರ.

“ಮಾನ್ಯತಾ ಬರ್ಲಿ ಮಾಸ್ತರ, ಆಮ್ಯಾಲ ಕುಂದರ್ತೀನಿ.”

ದೇಸೂರ ದಾಟಿ ಖಾನಾಪುರದ ಕಡೆಗೆ ಹೋಗುವ ರಸ್ತೆಯ ಬದಿಗೆ ತಗಡಿನ ಮಾಡಿನ ಉದ್ದನೆಯ ಕಟ್ಟಡವೊಂದಿದೆ. ಅದೇ ಅವರ ದೈವಶಾಸ್ತ್ರ ಕಾಲೇಜು. ಹಳ್ಳಿಗಳಲ್ಲಿ ಚದುರಿ ಹೋದ ಸಣ್ಣ ಸಣ್ಣ ಕ್ರೈಸ್ತ ಸಭೆಗಳನ್ನು ಮುಂದೆ ನಡೆಸಬಲ್ಲ ಚುರುಕು ಹುಡುಗ ಹುಡುಗಿಯರನ್ನು ಹುಡುಕಿ ತಂದು, ಓದಿಸಿ, ಮಾತು ಕಲಿಸಿ ಕಳಿಸುವುದು ಅದರ ಕೆಲಸ. ಓದಿಸುವುದರಲ್ಲಿ ಕೊರತೆಯಿರಲಿಲ್ಲ. ಆದರೆ ಅಲ್ಲಿ ಕೊಟ್ಟ ಪದವಿಯನ್ನು ಹೊರಗೆ ಯಾರೂ ಪದವಿ ಎನ್ನುತ್ತಿರಲಿಲ್ಲ. ಇಂಥ ಕಾಲೇಜುಗಳನ್ನು ತಪಾಸಣೆ ಮಾಡಿ ಮಾನ್ಯತೆ ಕೊಡುವ ಮಂಡಳಿಯೊಂದಿದೆ. ಅದು ಈ ತಗಡಿನ ಮಾಡನ್ನು ಇನ್ನೂ ಕಾಲೇಜೆಂದು ಒಪ್ಪಿರಲಿಲ್ಲ.

ಖಾನಾಪುರದ ಹೈಸ್ಕೂಲಿನಿಂದ ನಿವೃತ್ತನಾಗಿ ದೇಸೂರಿನ ಮನೆಯಲ್ಲಿ ಹೆಂಡತಿಯ ಬೈಗುಳ ತಿನ್ನುತ್ತಿದ್ದ ನನ್ನನ್ನು ಅಲ್ಲಿಗೆ ಎಳೆದವರೂ ಅವರೇ. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು, ಚಪ್ಪಲಿಯನ್ನೂ ಬಿಡದೆ ಹೇಳಿದರು: “ಮಾಸ್ತರ, ನಮ್ಮ ಹುಡುಗರಿಗೆ ಕನ್ನಡ ಕಲಸ್ರಿ. ಅರ್ಧಾ ಮಂದಿ ಮರಾಠಿ ಸಾಲಿಯಾಗ ಕಲತು ಬಂದಾರ. ಅವ್ರು ಪ್ರಾರ್ಥನಾ ಮಾಡಿದ್ರ ದೇವರಿಗೆ ತಿಳಿತೈತಿ, ಮಂದಿಗೆ ತಿಳಿಯೂದಿಲ್ಲ.”

ನಮ್ಮದು ಲಿಂಗವಂತರ ಮನೆ. ನನ್ನ ಹೆಂಡತಿ ಒಳಗಿನಿಂದ ಬಂದು, ನಮ್ಮವರನ್ನು ನಿಮ್ಮ ಕಡೆ ಮಾಡಿಕೊಳ್ಳುವುದಿಲ್ಲ ತಾನೆ ಎಂದು ನೇರವಾಗಿ ಕೇಳಿಯೇಬಿಟ್ಟಳು. ಅಕ್ಕಾರು ನಕ್ಕರು. “ಇವ್ರನ್ನ ತಗೊಂಡು ನಾ ಏನ್ ಮಾಡ್ಲಿ ವೈನಿ? ಇಷ್ಟ್ ವರ್ಷಾತು, ನಿಮಗ ಸಂಭಾಳಸಾಕ ಆಗವಲ್ದು!” ಅಲ್ಲಿಗೆ ನನ್ನ ನೌಕರಿ ಖಾಯಂ ಆಯಿತು. ವಿಭೂತಿ ಹಚ್ಚಿಕೊಂಡೇ ಹೋಗಿ ಕನ್ನಡ ಕಲಿಸಿ ಬರುತ್ತಿದ್ದೆ.

ಅಕ್ಕಾರ ಕಾಲಿಗೆ ಚಕ್ರ ಕಟ್ಟಿದ್ದು ಸುಮಿತ್ರಾ ಎಂಬ ಹುಡುಗಿ. ಖಾನಾಪುರದ ಆಚೆ, ಬೆರಳೆಣಿಕೆಯ ಮನೆಗಳ ವಾಡಿಯವಳು. ಅವಳು ಕಥೆ ಹೇಳತೊಡಗಿದರೆ ಒಲೆಯ ಮೇಲಿನ ರೊಟ್ಟಿ ಹೊತ್ತಿದರೂ ಹೆಂಗಸರು ಏಳುತ್ತಿರಲಿಲ್ಲ. ಇಂಥವಳು ಇನ್ನೂ ಓದಬೇಕೆಂದು ಅಕ್ಕಾರು ಅವಳನ್ನು ದೂರದ ದೊಡ್ಡ ಕಾಲೇಜಿಗೆ ಕಳಿಸಿದರು. ಅಲ್ಲಿಯವರು ಅವಳ ಪದವಿ ನಡೆಯುವುದಿಲ್ಲ, ಮೊದಲ ವರ್ಷದಿಂದ ಶುರು ಮಾಡು ಎಂದು ಹಿಂದಕ್ಕೆ ಕಳಿಸಿದರು. ಮನೆಗೆ ಹೋಗಲು ನಾಚಿಕೆಯಾಗಿ ಅವಳು ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂತುಬಿಟ್ಟಿದ್ದಳು. ಅಕ್ಕಾರು ಹೋಗಿ ಕರೆತಂದು, ಚಿಕ್ಕ ತರಗತಿಗಳಿಗೆ ಪಾಠ ಹೇಳಲು ಕಾಲೇಜಿನಲ್ಲೇ ಇರಿಸಿಕೊಂಡರು. ಆ ದಿನದಿಂದ ಅವರ ಬಾಯಲ್ಲಿ ಮಾನ್ಯತೆ ಬಿಟ್ಟರೆ ಬೇರೆ ಮಾತಿಲ್ಲ.

ಮಂಡಳಿಯವರಿಗೆ ಗ್ರಂಥಾಲಯ ಬೇಕು ಎಂದಾಗ ನನ್ನನ್ನೂ ಎಳೆದುಕೊಂಡು ಬೆಳಗಾವಿಯ ಆಟೋ ನಗರಕ್ಕೆ ಹೋದರು. ಪುಸ್ತಕದ ಕಪಾಟು ಅಂಗಡಿಯಲ್ಲಿ ತುಟ್ಟಿ, ವರ್ಕ್‌ಶಾಪಿನಲ್ಲೇ ಮಾಡಿಸೋಣ ಎಂಬ ಲೆಕ್ಕಾಚಾರ. ವೆಲ್ಡಿಂಗಿನವನು ಕೆಲಸ ಮಾಡುತ್ತಿದ್ದಷ್ಟು ಹೊತ್ತೂ ಅವನ ಸುತ್ತ ಪ್ರದಕ್ಷಿಣೆ ಹಾಕಿದರು. ಕಡೆಗೆ ಅವನು ಮುಖದ ಕವಚ ತೆಗೆದು ನನಗೆ ಕೈಮುಗಿದ. “ಸರ್, ಅಕ್ಕಾರನ್ನ ಜರಾ ಚಹಾ ಕುಡ್ಯಾಕ ಕರಕೊಂಡು ಹೋಗ್ರಿ. ನನಗ ತಲಿ ತಿರುಗಾಕ ಹತ್ತೇತಿ.” ಚಹಾ ಕುಡಿದದ್ದೂ ನಿಂತುಕೊಂಡೇ. ಕಪಾಟು ಬಂತು, ಲಾರಿ ಬಾಡಿಯ ಹಸಿರು ಬಣ್ಣ ಹೊಡೆಸಿಕೊಂಡು. ನೋಡಿದವರು ಇದು ಎಲ್ಲಿಗೆ ಹೊರಟ ಗಾಡಿ ಎಂದು ಕೇಳುವಂತಿತ್ತು.

ಆ ಕಾಲೇಜಿಗೆ ಒಂದು ಪದ್ಧತಿಯಿತ್ತು. ಖಾನಾಪುರದ ಸುತ್ತಿನ ಹಳ್ಳಿಗಳಲ್ಲಿ ಕ್ರೈಸ್ತರ ಮನೆ ಊರಿಗೊಂದು, ಎರಡು. ಯಾರಾದರೂ ತೀರಿಕೊಂಡರೆ ಕುಣಿ ತೋಡಲು ಮನೆಯಲ್ಲಿ ಕೈ ಸಾಲದು. ಅದಕ್ಕೆ ಕಾಲೇಜಿನ ಮಕ್ಕಳೇ ಹೋಗಿ ತೋಡುತ್ತಿದ್ದರು. ಸಲಿಕೆ, ಗುದ್ದಲಿ, ಹಾರೆ ತರಗತಿಯ ಬಾಗಿಲ ಹಿಂದೆಯೇ ಇರುತ್ತಿದ್ದವು. ಪಾಠದ ನಡುವೆ ಫೋನು ಬಂದರೆ ಅಕ್ಕಾರು ಪುಸ್ತಕ ಮುಚ್ಚಿ “ಏಳ್ರಿ” ಎನ್ನುತ್ತಿದ್ದರು, ಅಷ್ಟೆ. ಹುಡುಗಿಯರೂ ಸೆರಗು ಕಟ್ಟಿಕೊಂಡು ಹೊರಡುತ್ತಿದ್ದರು. ಸತ್ತವರ ಮನೆಯವರಿಗೆ ಏನು ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಆ ಕೆಂಪು ಕಲ್ಲುಮಣ್ಣಿನಲ್ಲಿ ಅಂಗೈ ಬೊಕ್ಕೆ ಎಬ್ಬಿಸಿಕೊಂಡೇ ಅವರು ಕಲಿತದ್ದು.

ಇನ್ನು ಬೋಧನೆಯ ಪರೀಕ್ಷೆ ನಡೆಯುತ್ತಿದ್ದುದು ಮಲಪ್ರಭೆಯ ಆಚೆಯ ಒಂದು ವಾಡಿಯಲ್ಲಿ, ಶಾಂತವ್ವ ಎಂಬ ಮುದುಕಿಯ ಪಡಸಾಲೆಯಲ್ಲಿ. ಕೊನೆಯ ವರ್ಷದ ಪ್ರತಿಯೊಬ್ಬರೂ ಅವಳ ಮುಂದೆ ನಿಂತು ಪ್ರಸಂಗ ಮಾಡಬೇಕು. ಮಾತು ಸಪ್ಪೆಯಾದರೆ ಅವಳು ಅಲ್ಲೇ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದಳು. “ಶಾಂತವ್ವ ಎಚ್ಚರಿದ್ಲಂದ್ರ ಪಾಸ್” ಎಂಬುದು ಅಕ್ಕಾರ ತೀರ್ಪು. ಪಾಸಾದರೂ ನಪಾಸಾದರೂ ಅವಳ ಗಂಡ ಯಾಕೋಬಪ್ಪ ಎಲ್ಲರಿಗೂ ರೊಟ್ಟಿ, ಝುಣಕ ಬಡಿಸಿಯೇ ಕಳಿಸುತ್ತಿದ್ದ.

ತಪಾಸಣೆಯ ದಿನ ಗೊತ್ತಾಯಿತು. ಹಿಂದಿನ ಸಂಜೆ ಅಕ್ಕಾರು ಸಲಿಕೆ ಗುದ್ದಲಿಗಳನ್ನೆಲ್ಲ ಟಂಟಂ ಆಟೋದಲ್ಲಿ ಹೇರಿಕೊಂಡು ನಮ್ಮ ಮನೆಗೆ ಬಂದರು. “ನಿಮ್ಮ ಎಮ್ಮಿ ಕೊಟ್ಟಗ್ಯಾಗ ಇರ್ಲಿ ಮಾಸ್ತರ. ಬಂದಾವ್ರು ಇದನ್ನ ನೋಡಿದ್ರ ಕಾಲೇಜ್ ಅನ್ನೂದಿಲ್ಲ, ರಸ್ತೆ ಕೆಲಸದ ಮಂದಿ ಅಂತಾರ.” ನಾನು ನಕ್ಕೆ. ಅವರು ನಗಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ಹಿಂದೆ ಮುಂದೆ ಓಡಾಡಿ ಹೋದರು.

ಮರುದಿನ ಮಂಡಳಿಯವರ ಕಾರು ಬರುವ ಮೊದಲೇ ಫೋನು ಬಂತು. ಶಾಂತವ್ವ ನಸುಕಿನಲ್ಲಿ ಹೋಗಿಬಿಟ್ಟಿದ್ದಳು. ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಸಾಲಾಗಿ ಕೂತಿದ್ದ ಮಕ್ಕಳು ಅಭ್ಯಾಸಬಲದಿಂದ ಎದ್ದರು. ಸುಮಿತ್ರಾ ಬಾಗಿಲ ಹಿಂದೆ ನೋಡಿ, ಅಕ್ಕಾರತ್ತ ತಿರುಗಿದಳು.

“ಅಕ್ಕಾರ, ಸಲಕಿ ಎಲ್ಲಿ?”

“ಮಾಸ್ತರ ಮನ್ಯಾಗ ಅದಾವ. ಇವತ್ತ ಬ್ಯಾಡವಾ.”

“ಹೋದಾಕಿ ಶಾಂತವ್ವರೀ, ಅಕ್ಕಾರ.”

“ಗೊತ್ತೈತಿ.” ಅಕ್ಕಾರ ದನಿ ಗಡುಸಾಯಿತು. “ಇವತ್ತ ಯಾರೂ ಹೋಗೂದಿಲ್ಲ. ನಿನ್ನಂಗ ಮತ್ತೊಬ್ಬಾಕಿ ಬಸ್ ಸ್ಟ್ಯಾಂಡಿನ್ಯಾಗ ಟ್ರಂಕಿನ ಮ್ಯಾಲ ಕುಂದರಬಾರದು. ತಪಾಸಣಿ ಮುಗೀಲಿ, ಎಲ್ಲಾರೂ ಕೂಡೇ ಹೋಗೂಣು.”

ಸುಮಿತ್ರಾ ತುಟಿ ಕಚ್ಚಿಕೊಂಡು ಕೂತಳು. ಅಕ್ಕಾರು ಮಾಡಿದ್ದು ಸರಿಯೋ ತಪ್ಪೋ ಎಂದು ನಾನು ಇಂದಿಗೂ ನನ್ನೊಳಗೇ ಜಗಳವಾಡುತ್ತೇನೆ. ಒಂದು ದಿನ ಸರಿ ಅನ್ನಿಸುತ್ತದೆ, ಮರುದಿನ ಅಲ್ಲ.

ಬಂದವರು ಸಂಭಾವಿತರು. ಹಸಿರು ಕಪಾಟನ್ನು ನೋಡಿ ನಗು ನುಂಗಿಕೊಂಡರು, ತರಗತಿಯಲ್ಲಿ ಕೂತು ಪಾಠ ಕೇಳಿದರು, ಮಕ್ಕಳನ್ನು ಒಬ್ಬೊಬ್ಬರಾಗಿ ಮಾತಾಡಿಸಿದರು. ಮಕ್ಕಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಕಣ್ಣು ಮಾತ್ರ ಕಿಟಕಿಯಾಚೆಯ ರಸ್ತೆಯ ಮೇಲಿತ್ತು. ಅಧ್ಯಕ್ಷರು ಅಕ್ಕಾರಿಗೆ ಕುಳಿತು ಮಾತಾಡೋಣ ಎಂದರು. ಅಂದು ಅಕ್ಕಾರು ತಮ್ಮ ಕುರ್ಚಿಯಲ್ಲಿ ಕೂತರು. ಪ್ಲಾಸ್ಟಿಕ್ಕು ಚರಚರ ಸದ್ದು ಮಾಡಿತು. ಅವರು ಅಷ್ಟು ಅಲುಗಾಡದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಾರು ಗೇಟು ದಾಟಿತೋ ಇಲ್ಲವೋ, ನಾವು ಕೊಟ್ಟಿಗೆಯಿಂದ ಸಲಿಕೆಗಳನ್ನು ಎತ್ತಿಕೊಂಡು ಟಂಟಂ ಹತ್ತಿದೆವು. ವಾಡಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಕುಣಿ ಆಗಲೇ ತೋಡಿಯಾಗಿತ್ತು. ಊರಿನ ಕುರಿ ಕಾಯುವ ಮನೆಗಳವರು, ಬಾಜೂ ಹೊಲದವರು ಸೇರಿ ತೋಡಿದ್ದರು. ಪೆಟ್ಟಿಗೆಯನ್ನು ಇಳಿಸಿ, ಪಾಸ್ಟರು ಪ್ರಾರ್ಥನೆ ಮುಗಿಸಿ, ಮಣ್ಣು ಕೊಡದೆ ಹಾಗೇ ಕಾಯುತ್ತ ನಿಂತಿದ್ದರು. ಯಾಕೋಬಪ್ಪ ನಮ್ಮ ಕೈಯಲ್ಲಿನ ಸಲಿಕೆಗಳನ್ನು ನೋಡಿದ.

“ಬರ್ರಿ ಅಕ್ಕಾರ. ನೀವು ಬರೂತನಕ ಮಣ್ಣ ಹಾಕೂದು ಬ್ಯಾಡ ಅಂದೆ. ಆಕಿ ನಿಮ್ಮ ಹುಡುಗರ ದಾರಿ ನೋಡ್ತಿರ್ತಾಳ.”

ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಕ್ಕಾರು ಒಂದು ಹಿಡಿ ಮಣ್ಣು ತೆಗೆದುಕೊಂಡರು, ಅದನ್ನು ಹಾಕಲಾಗದೆ ಮುಷ್ಟಿ ಬಿಗಿಹಿಡಿದು ನಿಂತೇ ಇದ್ದರು. ಕಡೆಗೆ ಸುಮಿತ್ರಾ ಅವರ ಕೈ ಹಿಡಿದು ಬಿಡಿಸಬೇಕಾಯಿತು.

ಕೆಲವು ತಿಂಗಳ ಮೇಲೆ ಮಾನ್ಯತೆ ಬಂತು. ಅಕ್ಕಾರು ಊರಿಗೆಲ್ಲ ಕುಂದಾ ಹಂಚಿದರು, ತಾವು ಬಾಯಿಗೆ ಹಾಕಲಿಲ್ಲ. ಹಳೆಯ ವಿದ್ಯಾರ್ಥಿಗಳು ಕೆಲವು ವಿಷಯಗಳನ್ನು ಮತ್ತೆ ಬರೆದು ಪದವಿ ಪಡೆಯಬಹುದೆಂದಾಯಿತು. ಸುಮಿತ್ರಾ ಬರೆದಳು, ತನ್ನನ್ನು ವಾಪಸು ಕಳಿಸಿದ್ದ ಅದೇ ಕಾಲೇಜಿಗೆ ಅದೇ ಟ್ರಂಕು ಹೊತ್ತು ಹೋಗಿ ಓದಿ ಬಂದಳು. ಸಲಿಕೆಗಳು ಬಾಗಿಲ ಹಿಂದೆ ಮೊದಲಿನಂತೆ ನಿಂತವು, ಮಕ್ಕಳು ಕರೆ ಬಂದಾಗಲೆಲ್ಲ ಹೋದರು. ಈಗ ಕುಂದರ್ರಿ ಎಂದು ನಾನು ರೇಗಿಸಿದರೆ ಅಕ್ಕಾರು ಕೇಳಿಸದವರಂತೆ ಮುಂದೆ ಹೋಗುತ್ತಿದ್ದರು. ನಡಿಗೆ ಇನ್ನೂ ಜೋರಾಗಿತ್ತು. ಮೊದಲು ಏನನ್ನೋ ಹಿಡಿಯಲು ಹೊರಟವರಂತೆ ನಡೆಯುತ್ತಿದ್ದರು. ಈಗ ಹಿಂದೆ ಯಾರೋ ಕರೆದಂತೆ ನಡೆಯುತ್ತಿದ್ದರು.

ನಾನು ಅವರನ್ನು ಕಡೆಯ ಸಲ ನೋಡಿದ್ದು ಬೆಳಗಾವಿಯ ಆಸ್ಪತ್ರೆಯಲ್ಲಿ. ಕಾಲುಗಳು ಬಾತು ಕಂಬದಂತಾಗಿದ್ದವು. ಆದರೂ ಸಲಾಯಿನ್ ಸ್ಟ್ಯಾಂಡನ್ನು ತಳ್ಳಿಕೊಂಡು ವಾರ್ಡಿನ ಉದ್ದಕ್ಕೂ ಅಡ್ಡಾಡುತ್ತಿದ್ದರು, ನರ್ಸು ಹಿಂದೆ ಬೈಯುತ್ತಿದ್ದಳು. ನನ್ನನ್ನು ಕಂಡು ನಿಂತರು.

“ಮಾಸ್ತರ, ಸುಮಿತ್ರಾಗ ಹೇಳೇನಿ, ನಿಮಗೂ ಹೇಳ್ತೀನಿ. ನನ್ನ ಕುಣಿ ತೋಡಾಕ ನಮ್ಮ ಹುಡುಗರನ್ನ ಕರೀಬ್ಯಾಡ್ರಿ. ಶಾಂತವ್ವಗ ಸಿಗದಿದ್ದು ನನಗ ಬ್ಯಾಡ.”

“ಹುಚ್ಚರಂಗ ಮಾತಾಡಬ್ಯಾಡ್ರಿ” ಎಂದು ಗದರಿದೆ. “ಆತ್ ಬಿಡ್ರಿ” ಎಂದು ಮತ್ತೆ ಸ್ಟ್ಯಾಂಡು ತಳ್ಳಿಕೊಂಡು ಹೊರಟರು.

ಅವರು ತೀರಿಕೊಂಡದ್ದು ವಾರ್ಷಿಕ ಪರೀಕ್ಷೆಯ ವಾರ. ಅಷ್ಟು ಹೊತ್ತಿಗೆ ಪ್ರಿನ್ಸಿಪಾಲಳಾಗಿದ್ದ ಸುಮಿತ್ರಾ ಅವರ ಮಾತನ್ನು ಮೀರಲಿಲ್ಲ. ಮಕ್ಕಳು ಅಳುತ್ತಲೇ ಪರೀಕ್ಷೆಗೆ ಕೂತರು, ಅವಳು ಕಿಟಕಿಗೆ ಬೆನ್ನು ಮಾಡಿ ಕಾವಲು ನಿಂತಳು. ಕಾಲೇಜಿನ ಹಿಂದಿನ ಸ್ಮಶಾನಕ್ಕೆ ನಾನೊಬ್ಬನೇ ಸಲಿಕೆ ಹಿಡಿದು ಹೋದೆ. ಈ ವಯಸ್ಸಿನಲ್ಲಿ ಎಷ್ಟು ತೋಡಿಯೇನು ಎಂದುಕೊಳ್ಳುತ್ತ ಹೋದರೆ, ಅಲ್ಲಿ ಆಗಲೇ ಜನ ಇದ್ದರು. ಯಾಕೋಬಪ್ಪ ವಾಡಿಯ ಗಂಡಸರನ್ನೆಲ್ಲ ಕಟ್ಟಿಕೊಂಡು, ಅವರವರ ಗುದ್ದಲಿ ಅವರವರೇ ತಂದು, ಸೊಂಟಮಟ ಇಳಿದಿದ್ದ.

“ಯಾವಾಗ ಬಂದಿ ಯಾಕೋಬಪ್ಪಾ?”

ಅವನು ಮುಖ ಒರೆಸಿಕೊಂಡ. “ನಮ್ಮ ಮನಿಗೆ ತಡಾ ಮಾಡಿ ಬಂದೆ ಅಂತ ಅಕ್ಕಾರು ಭಾಳ ನೊಂದ್ಕೊಂಡಿದ್ರು. ಅದಕ್ಕ ನಾವು ಲಗೂನ ಬಂದ್ವಿರಿ.”

ನಾನು ನಾಲ್ಕು ಸಲಿಕೆ ಮಣ್ಣು ಎತ್ತುವಷ್ಟರಲ್ಲಿ ಏದುಸಿರು ಬಂತು. ಅವನು ನನ್ನ ಕೈಯಿಂದ ಸಲಿಕೆ ಇಸಿದುಕೊಂಡು ಬೇವಿನ ಬುಡದ ಕಲ್ಲು ತೋರಿಸಿದ. “ಸಾಕ್ರಿ ಮಾಸ್ತರ, ಅಲ್ಲಿ ಕುಂದರ್ರಿ.”

ಕಲ್ಲಿನ ತನಕ ಹೋದೆ, ಕೂರಲಾಗಲಿಲ್ಲ. ಪರೀಕ್ಷೆಯ ಗಂಟೆ ಹೊಡೆದು ಮಕ್ಕಳು ಓಡಿ ಬರುವವರೆಗೂ ಆ ಕುಣಿಯ ಪಕ್ಕ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದೆ.