ಏಳನೇ ಆಳು ಯಾವೂರವ?

ನೀವು ನಂಬಂಗಿಲ್ರಿ, ಬೇಕಾರ ಬರದ ಕೊಡ್ತೀನಿ. ಆದ್ರ ನಮ್ಮ ಬೇಡಕಿಹಾಳದ ಕಬಡ್ಡಿ ಅಂಗಳದಾಗ ಒಂದಿನ ಸಂಜಿಮುಂದ ನಾ ಇಡೀ ಯುರೋಪ್ ಖಂಡ ತಂದು ನಿಂದರಸಿದ್ದೆ, ಅದೂ ಬರಿಗಾಲಾಗ, ಚಡ್ಡಿ ಮ್ಯಾಲ.

ಉಗಾರ ಬುದ್ರುಕದ ಹುಡುಗೂರು ಫೈನಲ್ ಆಡಾಕ ಟೆಂಪೋ ತುಂಬ ಬಂದಿಳಿದಿದ್ರು. ನಾವು ಬರೇ ಆರ ಮಂದಿ, ಏಳನೆಯವಗ ಜ್ವರ. ಏಳಾಗಲಿಲ್ಲಂದ್ರ ಆಡದನ ಸೋತಂಗ; ಆಮ್ಯಾಲ ಉಗಾರದವರ ಮುಂದ ಮೀಸಿ ಹೆಂಗ ತಿರವೂದು? ಮೀಸಿ ಇನ್ನೂ ಬಂದಿಲ್ಲ, ಆ ಮಾತ ಬ್ಯಾರೆ. ಸೂಟಿಗೆ ಬಂದ ನಮ್ಮ ಅತ್ತಿ ಮಗ ಸಂತ್ಯಾ ಇದ್ದ, ಕ್ವಾಣದಂಥಾ ಆಳು. ಆದ್ರ ಅವನೂರು ಗಡಿ ಆಚಿ, ಮಹಾರಾಷ್ಟ್ರದಾಗ. ನಿಯಮ ನೋಡಿದ್ರ ಊರಿನವರ ಆಡಬೇಕು.

"ಇವ ಹೊರಗಿನವ ಲೇ!" ಅಂತ ಉಗಾರದ ಕ್ಯಾಪ್ಟನ್ ಭೀಮ್ಯಾ ಒದರಿದ.

ಅಲ್ಲೇ ನನ್ನ ನಾಲಗಿಗೆ ಯುರೋಪ್ ಹತ್ತಿತು. ಯುರೋಪಿನ ದೇಶಗಳ ಒಕ್ಕೂಟದಾಗಿಂದ ಬ್ರಿಟನ್ ಮನಿ ಬಿಟ್ಟ ಹೊಂಟೈತಿ ಅಂತ ಟೀವಿಯಾಗ ದಿನಾ ಗದ್ದಲ, ನಮ್ಮ ಸಮಾಜ ಸರ್ ಬಿಡಿಸಿ ಹೇಳಿದ್ರು: ಅಲ್ಲಿ ಫ್ರಾನ್ಸಿನವ ಫ್ರಾನ್ಸಿನವನಾಗೇ ಇರ್ತಾನ, ಮ್ಯಾಲ ಯುರೋಪಿನವನೂ ಆಗ್ತಾನ, ಎರಡನೇದು ಬಂತಂತ ಮೊದಲನೇದು ಹೋಗಂಗಿಲ್ಲ, ರೊಟ್ಟಿ ಮ್ಯಾಲ ಬೆಣ್ಣಿ ಇಟ್ಟಂಗ. ನೋಡ್ರಿ ಗೆಳೆಯಾರ, ನಮಗ ಇದೇನ ಹೊಸಾದು? ಮಗಳನ್ನ ಯಾ ರಾಜ್ಯಕ್ಕ ಕೊಟ್ರೂ ಆಕಿ ಮಗ ಇಡೀ ಊರಿಗೇ ಅಳಿಯ. ಕಟಿಂಗ್ ಅಂಗಡಿಯವನೂ ಅವಗ ಮಾವ, ಬಾಳಿಹಣ್ಣ ಮಾರಾಕಿನೂ ಅತ್ತಿ. ಪಾಸ್‌ಪೋರ್ಟ್ ಇಲ್ಲ, ಸಿಕ್ಕಾ ಇಲ್ಲ, ಹೆಣ್ಣಮಕ್ಕಳು ಹೋಗಿ ಬಂದು ಮಾಡಿ ಸವೆಸಿದ ದಾರಿ ಅಷ್ಟ. ಮನಷ್ಯಾ ಒಂದ ಊರಿಗೆ ಮುಗಿಯೂ ಹಂಗಿದ್ದಿದ್ರ ದೇವರು ಅವಗ ಸ್ವಾದರಮಾವನ್ನ ಯಾಕ ಕೊಡ್ತಿದ್ದ?

ಇಷ್ಟೂ ಒಂದ ಉಸಿರಿನಾಗ, ಕಬಡ್ಡಿ ಉಸಿರಿನಾಗ ಹೇಳಿ ಒಗದೆ. ಅಂಪೈರ್ ತಲಿ ಕೆರಕೊಂಡು, "ಖರೇ ಐತಿ ಬಿಡ್ರಿ, ಆಡ್ಲಿ" ಅಂದ.

"ಕಾಯ್ ಝಾಲ ರೇ?" ಅಂತ ಸಂತ್ಯಾ ಮರಾಠಿಯಾಗ, ಏನಾತಂತ ಕೇಳಿದ.

"ಯುರೋಪ್ ಆದಿ. ತೊಡಿ ತಟ್ಟು!"

ಸೀಟಿ ಇನ್ನೇನು ಊದಬೇಕು, ನನ್ನ ಹುಡಕ್ಕೋತ ನಮ್ಮವ್ವ ಬಂದಳು. ಆಕಿ ತವರುಮನಿ ಉಗಾರ. ಭೀಮ್ಯಾ ಓಡಿ ಹೋಗಿ ಕಾಲಿಗೆ ಬಿದ್ದು, ನನ್ನ ಕಡೆ ಬೊಟ್ಟ ಮಾಡಿದ.

"ಅತ್ತೀ, ಊರ ಮಗಳ ಮಗ ಊರವನ ಅಂತ ನಿಮ್ಮ ಮಗನ ಹೇಳ್ಯಾನ. ಹಂಗಾರ ಇವ ಯಾರವ, ನೀವ ಹೇಳ್ರಿ?"

ಅವ್ವ ನನ್ನ ಮ್ಯಾಲಿಂದ ಕೆಳಗ ನೋಡಿದಳು. "ಇವಾ? ಇವ ಹುಟ್ಟಿದ್ದ ನಮ್ಮ ಉಗಾರದಾಗ. ಒಯ್ರಿ."

ಉಗಾರದವರು ಕೇಕಿ ಹೊಡಕೋತ ನನ್ನ ಎತ್ತಿ ಆ ಕಡೆ ಒಯ್ದ್ರು. ಅಲ್ಲಿ ನಿಂತು ನಮ್ಮ ಕಡೆ ಎಣಿಸಿದೆ: ಸಂತ್ಯಾನ್ನ ಹಿಡದು, ಆರ ಮಂದಿ.