ಧಾರೇಶ್ವರದ ದಂಡೆಯಲ್ಲಿ ಬಣ್ಣದ ಡಬ್ಬಿ

ಕುಮಟೆಗೆ ಬಂದ ಮೊದಲ ವಾರ ಒಗೆದ ಸೀರೆ ಒಣಗಲೇ ಇಲ್ಲ. ಕಲಬುರಗಿಯಲ್ಲಿ ಹಿಂಡಿ ಹಾಕಿ ಒಳಗೆ ಹೋಗಿ ಬರುವಷ್ಟರಲ್ಲಿ ಗರಿಗರಿಯಾಗುತ್ತಿದ್ದ ಬಟ್ಟೆಗೆ ಇಲ್ಲಿ ಬೂಷ್ಟು ಹಿಡಿಯಿತು. ಒದ್ದೆ ಸೀರೆ ಉಟ್ಟೇ ಕಚೇರಿಗೆ ಹೋದೆ.

ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ಗುಮಾಸ್ತೆಯ ಕೆಲಸ ನನ್ನನ್ನು ಇಲ್ಲಿಗೆ ತಂದಿತ್ತು. ಜೋಳದ ರೊಟ್ಟಿ ತಿಂದು ಬೆಳೆದ ಹೊಟ್ಟೆಗೆ ಕುಚ್ಚಲಕ್ಕಿ ಗಂಜಿ ಒಗ್ಗಲಿಲ್ಲ. ಮನೆ ಮಾಲಕಿ ಗಿರಿಜಕ್ಕ ಮೀನು ವ್ಯಾಪಾರದವರು. ಬಾಗಿಲಲ್ಲಿ ನಿಂತು "ಎಂತ?" ಎಂದರೆ ಜಗಳಕ್ಕೇ ಬಂದರು ಎಂದುಕೊಳ್ಳುತ್ತಿದ್ದೆ. ಅವರು ಬರುತ್ತಿದ್ದದ್ದು ಕ್ಷೇಮ ವಿಚಾರಿಸಲು ಎಂದು ತಿಳಿಯಲು ತಿಂಗಳುಗಳೇ ಹಿಡಿದವು. ನಿದ್ದೆಯಂತೂ ಹತ್ತಿರ ಸುಳಿಯುತ್ತಿರಲಿಲ್ಲ.

ಒಂದು ಸಂಜೆ ಪೇಟೆಯಲ್ಲಿ ಶಾಲೆ ಮಕ್ಕಳ ಬಣ್ಣದ ಡಬ್ಬಿ ಕಂಡು, ಯಾಕೆಂದು ಗೊತ್ತಿಲ್ಲದೆ ಕೊಂಡೆ. ಭಾನುವಾರ ಬಸ್ಸು ಹತ್ತಿ ಧಾರೇಶ್ವರದ ಸಮುದ್ರದಂಡೆಗೆ ಹೋಗಿ ಕುಳಿತೆ. ನಾನು ಬರೆದ ದೋಣಿ ಚಪ್ಪಲಿಯಂತೆ ಕಾಣುತ್ತಿತ್ತು. ಹಾಳೆ ಹರಿದುಹಾಕಲಿಲ್ಲ, ಇನ್ನೊಂದು ಬರೆದೆ. ಅಂದು ಬೆಳಗಿನವರೆಗೆ ಎಚ್ಚರವಿಲ್ಲದೆ ಮಲಗಿದೆ. ಆಮೇಲೆ ಭಾನುವಾರವೆಂದರೆ ಧಾರೇಶ್ವರ.

ಯಾರೋ ನನ್ನ ಫೋಟೊ ತೆಗೆದು ವಾಟ್ಸ್ಯಾಪಿಗೆ ಹಾಕಿದರು. ಅದು ಕಲಬುರಗಿ ಮುಟ್ಟಿತು. ಗಂಡನ ಅಣ್ಣ, ಅಂದರೆ ಭಾವ, ಮನೆ ಹುಡುಕಿಕೊಂಡು ಬಂದರು. ಗಂಡ ಸತ್ತು ವರ್ಷ ತುಂಬಿಲ್ಲ, ಹೆಂಗಸು ಒಬ್ಬಳೇ ಬಯಲಲ್ಲಿ ಕೂತು ಬಣ್ಣ ಬಳಿಯುವುದೆಂದರೇನು, ಮಂದಿಗೆ ತಾನು ಹೇಗೆ ಮುಖ ತೋರಿಸಬೇಕು ಎಂದರು.

ಜಗಲಿಯಲ್ಲಿದ್ದ ಗಿರಿಜಕ್ಕ ತಲೆ ಎತ್ತಿದರು. "ಅವ್ರಿಗೆ ಅದ್ರಿಂದ ನಿದ್ದೆ ಬತ್ತದೆ. ನಿಮಗೆಂತ ತ್ರಾಸು?"

ಭಾವ ನನ್ನತ್ತ ತಿರುಗಿದರು. ನಿದ್ದೆಯ ನೆಪದಲ್ಲಿ ತಪ್ಪಿಸಿಕೊಳ್ಳಲು ಮನಸ್ಸಾಗಲಿಲ್ಲ.

"ನಿದ್ದಿ ಬರದಿದ್ರೂ ಬರೀತೀನ್ರಿ," ಎಂದೆ. "ನನಗ ಬೇಕನಸ್ತದ."

ಭಾವ ಚಹಾ ಮುಟ್ಟದೆ ಹೊರಟುಹೋದರು. ಆ ಭಾನುವಾರವೂ ಹೋದೆ.

ಯುಗಾದಿಗೆ ಊರಿಗೆ ಹೋದವಳು ಭಾವನ ಮನೆಯ ಕಟ್ಟೆಯ ಮೇಲೆಯೇ ಕುಳಿತು ಎದುರಿನ ಬೇವಿನ ಮರ ಬರೆದೆ. ಯಾರೂ ಬೈಯಲಿಲ್ಲ, ಮಾತೂ ಆಡಿಸಲಿಲ್ಲ. ಒಣ ಬಿಸಿಲು ಮೈಗೆ ಹಿತವಾಗಿತ್ತು, ಎರಡೇ ದಿನಕ್ಕೆ ತುಟಿ ಒಡೆಯಿತು. ಓಣಿಯವರು ನನ್ನನ್ನು ಕುಮಟೆಯವಳು ಎಂದರು. ಕುಮಟೆಯಲ್ಲಿ ನಾನು ಇನ್ನೂ ಗುಲ್ಬರ್ಗದ ಅಕ್ಕೋರು.

ಹೊರಡುವ ದಿನ ತವರಿನಲ್ಲಿ ಅವ್ವ ರೊಟ್ಟಿ ಕಟ್ಟಿಕೊಡುತ್ತ, ವರ್ಗಕ್ಕೆ ಯಾವಾಗ ಅರ್ಜಿ ಹಾಕುತ್ತೀ ಎಂದು ಕೇಳಿದಳು.

"ಹಾಕಂಗಿಲ್ಲವ್ವ," ಎಂದೆ.

ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು. ಅಳುತ್ತಲೇ ರೊಟ್ಟಿ ಗಂಟನ್ನು ಚೀಲಕ್ಕೆ ಹಾಕಿಕೊಂಡೆ.